ಗೌಗಮೇಲಾ ಯುದ್ಧಕ್ಕೆ ಮೆಲಾಕಾ ಪ್ರಯಾಣ

ನವರಾತ್ರಿಯ ನಡುವೆ, ಇನ್ನು ರಾಜ್ಯದಿಂದ ರಾಜ್ಯಕ್ಕೆ ಹೋಗಬಹುದೆಂಬ ಸುದ್ದಿ ಬಂದ ಮರುದಿನವೇ ನಾನೂ ಹತ್ತು ವರ್ಷದ ಮಗಳು ಮೇಧಾಳೂ ನಾವಿರುವ ಬಾಂಗ್ಸಾರಿನಿಂದ ಹೊರಟೆವು. ಅಕ್ಕ-ಭಾವ ಇರುವ ಮೆಲಾಕಾ ನೂರೈವತ್ತು ಕಿಲೋಮೀಟರಿಗೆ ಒಂದಿಷ್ಟು ಕಡಿಮೆ. ಟೋಲಿಗೆ ಹದಿನೈದು ರಿಂಗಿಟ್ ಆಸುಪಾಸು. ಲಾಕ್‌ಡೌನ್ ಮುಗಿಯಿತೆಂದು ಇಡೀ ಊರೇ ರಸ್ತೆಗಿಳಿದಿತ್ತು. ಎರಡು ತಾಸಿನ ದಾರಿಗೆ ನಾಲ್ಕು ತಾಸು ಹಿಡಿಯಿತು. ನಡುವೆ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ದೋಸೆ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಕಾರಿನಲ್ಲೇ ತಿಂದೆವು.

ಮೇಧಾಳ ತೊಡೆಯ ಮೇಲೆ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದರಲ್ಲಿ ಹುಣಸೆ ಬೀಜ, ಅಂದರೆ ಡೇರಿಯಸ್‌ನ ಪರ್ಷಿಯನ್ ಸೈನ್ಯ. ಇನ್ನೊಂದರಲ್ಲಿ ಕಡಲೆ, ಅದು ಅಲೆಕ್ಸಾಂಡರನ ಮೆಸಿಡೋನಿಯಾದ ದಂಡು. ನಮ್ಮ ಮೈಸೂರಿನ ಪದ್ಧತಿಯಂತೆ ಅಕ್ಕ ಗೊಂಬೆ ಕೂರಿಸುತ್ತಾಳೆ. ಮೆಟ್ಟಿಲುಗಳ ಮುಂದೆ ಪಾರ್ಕು ಮಾಡುವ ಕೆಲಸ ಭಾವನವರದು. ಈ ಸಲ ಪಾರ್ಕಿನ ಬದಲು ಗೌಗಮೇಲಾ ಯುದ್ಧವೆಂದು ಅವರೂ ಮೇಧಾಳೂ ವಿಡಿಯೋ ಕಾಲಿನಲ್ಲಿ ನಿಶ್ಚಯಿಸಿದ್ದರು. ಮೆಲಾಕಾದ ಹಳೆಯ ಸುಲ್ತಾನರು ತಾವು ಅಲೆಕ್ಸಾಂಡರನ ವಂಶದವರೆನ್ನುತ್ತಿದ್ದರಂತೆ, ಹಾಗಾಗಿ ಜಾಗವೂ ಸರಿಯಾಗಿದೆ ಎಂಬುದು ಭಾವನ ವಾದ.

ಉಡುಪಿಯವರಾದ ಭಾವ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರು. ಕೋವಿಡ್‌ನಿಂದ ಉಳಿದು ಆಸ್ಪತ್ರೆಯಿಂದ ಬಂದು ಮೂರು ತಿಂಗಳಾಗಿದ್ದರೂ ಹೊಸ್ತಿಲು ದಾಟಿರಲಿಲ್ಲ. ಶ್ವಾಸಕೋಶ ಸರಿಯಾಗಿದೆ, ಹೆದರಿಕೆಯೇ ಹೋಗುತ್ತಿಲ್ಲ, ರಾತ್ರಿಯೆಲ್ಲ ಎದ್ದು ಕೂತಿರುತ್ತಾರೆ ಎಂದು ಅಕ್ಕ ಫೋನಿನಲ್ಲಿ ಅತ್ತಿದ್ದಳು. ಬಾಗಿಲು ತೆಗೆದವರು ಭಾವ. ಅಂಗಿ ಬೇರೆ ಯಾರದೋ ಎಂಬಷ್ಟು ಇಳಿದುಹೋಗಿದ್ದರು.

ಸ್ನಾನ, ಊಟ ಮುಗಿಸಿ ಯುದ್ಧಕ್ಕೆ ಕೂತೆವು. ನೋಡಿದರೆ ಕಡಲೆಯ ಡಬ್ಬಿ ಖಾಲಿ. ನವರಾತ್ರಿಯಲ್ಲಿ ತಂಗಿ ಕಡಲೆ ತಂದಳೆಂದರೆ ಅದು ದೇವಿಯ ನೈವೇದ್ಯಕ್ಕಲ್ಲದೆ ಮತ್ತೇತಕ್ಕೆ? ಅಕ್ಕ ಅಷ್ಟನ್ನೂ ತೊಳೆದು, ಸಂಜೆಯ ಉಸಲಿಗೆಂದು ಬಿಸಿನೀರಿನಲ್ಲಿ ನೆನೆಹಾಕಿಬಿಟ್ಟಿದ್ದಳು.

“ಎಂಥ ಮಾರಾಯ್ತಿ, ಅಲೆಕ್ಸಾಂಡರನಿಗೇ ಒಗ್ಗರಣೆ ಹಾಕ್ಲಿಕ್ಕೆ ಹೊರಟದ್ದಾ?” ಎಂದು ಭಾವ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಅಕ್ಕ ನೀರು ತರಲು ಓಡಿದಳು.

ಮನೆಯಲ್ಲಿ ಬೇರೆ ಕಡಲೆ ಇರಲಿಲ್ಲ. ಎದುರು ರಸ್ತೆಯ ತಮಿಳರ ಅಂಗಡಿಗೆ ಹೋಗಿಬರುತ್ತೇನೆಂದು ನಾನೆದ್ದೆ. ಅಷ್ಟರಲ್ಲಿ ಮೇಧಾ, ಅಷ್ಟೊಂದು ಜನರಿದ್ದೂ ಡೇರಿಯಸ್ ಯಾಕೆ ಸೋತ ಎಂದು ತನ್ನ ಇಂಗ್ಲಿಷಿನಲ್ಲಿ ದೊಡ್ಡಪ್ಪನನ್ನು ಕೇಳಿದಳು.

ಭಾವ ಹುಣಸೆ ಬೀಜಗಳನ್ನೇ ನೋಡುತ್ತಾ ಹೇಳಿದರು: “ಶತ್ರು ಬರ್ತಾನೆ ಅಂತ ಅವನು ರಾತ್ರಿಯಿಡೀ ದಂಡನ್ನು ನಿಲ್ಲಿಸಿಯೇ ಇಟ್ಟ. ಬೆಳಗಾಗುವಾಗ ಎಲ್ಲ ಸುಸ್ತು. ಆಚೆ ಅಲೆಕ್ಸಾಂಡರ್ ಚೆಂದ ನಿದ್ದೆ ಮಾಡಿದ, ಎದ್ದ, ಹೊರಟ.”

ಆಮೇಲೆ ತಮ್ಮ ಮಾಸ್ಕ್ ಎಲ್ಲಿದೆಯೆಂದು ಅಕ್ಕನನ್ನು ಕೇಳಿದರು. ನನ್ನ ಕಡೆ ತಿರುಗಿ, “ನೀನು ಕೂತ್ಕೋ. ಕಡಲೆ ನಾನೇ ತರ್ತೇನೆ” ಎಂದರು.

ಅಕ್ಕ ಬೇಡವೆನ್ನಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಮೇಧಾ ಜೊತೆಗೆ ಹೋದಳು. ನಾವಿಬ್ಬರು ಬಾಲ್ಕನಿಯಿಂದ ನೋಡಿದೆವು. ಭಾವ ಮರದ ನೆರಳಿನಲ್ಲಿ ಒಮ್ಮೆ, ರಸ್ತೆ ದಾಟುವ ಮುಂಚೆ ಇನ್ನೊಮ್ಮೆ ನಿಂತರು. ಆಮೇಲೆ ದಾಟಿದರು. ನಾವು ಅತ್ತುಬಿಟ್ಟೆವು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಸಂಜೆಯೊಳಗೆ ಯುದ್ಧ ಮುಗಿಯಿತು. ಬಲಕ್ಕೆ ಸರಿಯುತ್ತ ಹೋದ ಕಡಲೆಗಳನ್ನು ತಡೆಯಲು ಹುಣಸೆ ಬೀಜಗಳೂ ಸರಿದವು, ಅವುಗಳ ಸಾಲಿನಲ್ಲಿ ಸಂದಿ ಬಿತ್ತು, ಆ ಸಂದಿಗೆ ಭಾವ ದಂಡನ್ನು ನುಗ್ಗಿಸಿದರು. ಡೇರಿಯಸ್ ಸೋಫಾದ ಕೆಳಗೆ ಓಡಿಹೋದ. ಉಸಲಿ ತಿಂದು ಎಲ್ಲರೂ ಬೇಗ ಮಲಗಿದೆವು.

ಮರುದಿನ ಹತ್ತು ಗಂಟೆಗೆ ಹೊರಟೆವು. ತಿರುವಿನಲ್ಲಿ ಕಾರಿನ ಕನ್ನಡಿಯಲ್ಲಿ ಹಿಂದೆ ನೋಡಿದೆ. ಅಕ್ಕ ಮೇಲೆ ಬಾಲ್ಕನಿಯಲ್ಲಿದ್ದಳು. ಭಾವ ಕೆಳಗೆ, ಗೇಟಿನ ಹೊರಗೆ ಬಂದು ನಿಂತು ಕೈ ಬೀಸುತ್ತಿದ್ದರು.