ಕಿರುಬೆರಳಿಗೂ ಕೆಲಸ

ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬಂಟ್ವಾಳ ಪೇಟೆಯಲ್ಲಿ ನನ್ನ ಟೈಪಿಂಗ್ ತರಗತಿ ನಡೆಯುತ್ತಿದ್ದ ಮಹಡಿಯ ಕೋಣೆ. ಹಾಜರಿದ್ದವರು ಮೂವರು: ನಾನು, ಗುಜರಿಯವರು, ಕಟ್ಟಡದ ಮಾಲೀಕರು ಕಳುಹಿಸಿದ ಬಡಗಿ. ಸಂಜೆಯೊಳಗೆ ಕೋಣೆ ಖಾಲಿಯಾಗಬೇಕಿತ್ತು. ಯಂತ್ರಗಳು ಮೊದಲು, ಬೆಂಚುಗಳು ಆಮೇಲೆ, ಪಕ್ಕದ ಅಂಗಡಿಗೂ ನನ್ನ ಕೋಣೆಗೂ ನಡುವೆ ಇದ್ದ ಪ್ಲೈವುಡ್ ಗೋಡೆ ಕೊನೆಗೆ ಎಂದು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಬಡಗಿ ಕಾಗದ ನೋಡಲಿಲ್ಲ. ಬಂದವನೇ ಗೋಡೆಗೆ ಕೈ ಹಾಕಿದ.

ಮೊದಲ ಹಲಗೆ ಕಿತ್ತು ಬಂದ ಕೂಡಲೇ ಸುಟ್ಟ ರಾಳದ ವಾಸನೆ ಮೂಗಿಗೆ ಬಡಿಯಿತು. ಮೊಬೈಲ್ ರಿಪೇರಿಯವರು ಬೆಸುಗೆ ಹಾಕುವಾಗ ಏಳುತ್ತದಲ್ಲ, ಅದೇ ಹೊಗೆಯ ವಾಸನೆ. ಅಂಗಡಿ ಮುಚ್ಚಿ ಆರು ವರ್ಷವಾದರೂ ಹಲಗೆಯ ಸಂದಿಯಲ್ಲಿ ಕೂತೇ ಇತ್ತು.

"ಎಂತ ಟೀಚರಮ್ಮ, ಕಣ್ಣಲ್ಲಿ ನೀರು? ಧೂಳಾ?" ಎಂದರು ಗುಜರಿಯವರು.

"ಧೂಳು" ಎಂದೆ.

ಆ ಅಂಗಡಿಯವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅವರನ್ನು ಹೆಸರು ಹಿಡಿದು ಕರೆದದ್ದೂ ಕಡಿಮೆ. ಪಕ್ಕದವರು ಎಂದೇ ರೂಢಿ. ಕನ್ಯಾನದವರು, ಮೂವತ್ತೈದರ ಆಸುಪಾಸು. ಎಂಟು ವರ್ಷ ಗಲ್ಫಿನಲ್ಲಿದ್ದು ಬಂದು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದರು. ಅವರ ಬಲಗೈ ಕೆಟ್ಟದ್ದು ನನ್ನ ಮಾತಿನಿಂದ. ಬೇರೆಯವರು ಇದನ್ನು ಒಪ್ಪಲಿಕ್ಕಿಲ್ಲ. ನಾನು ಈ ಆರು ವರ್ಷದಲ್ಲಿ ಹಲವು ದಿಕ್ಕಿನಿಂದ ಯೋಚಿಸಿ ನೋಡಿದ್ದೇನೆ… ಪ್ರತಿ ಸಲವೂ ಬಂದು ನಿಲ್ಲುವುದು ಅಲ್ಲಿಗೇ.

ಪರಿಚಯವಾದದ್ದು ಗೋಡೆಯ ಮೂಲಕ. ಮಧ್ಯಾಹ್ನ ಒಂದರಿಂದ ಎರಡರ ತನಕ ನನ್ನ ತರಗತಿಗೆ ಬಿಡುವು. ಒಂದು ದಿನ ಆ ಹೊತ್ತಿನಲ್ಲಿ ಆಚೆಯಿಂದ ಟಕಟಕ ಶಬ್ದ ಕೇಳಿಸಿತು. ಯಾರೋ ಟೈಪ್ ಮಾಡುತ್ತಿದ್ದಾರೆ, ಅದೂ ಲಯವಿಲ್ಲದೆ! ಸಹಿಸಲಾಗದೆ ಹಲಗೆಗೆ ಗುದ್ದಿದೆ.

"ಯಾರದು? ನಾಲ್ಕನೆಯದು ತಡವಾಗಿ ಬೀಳ್ತಾ ಉಂಟು!"

ಆಚೆ ಟಕಟಕ ನಿಂತಿತು. ಆಮೇಲೆ ನಗು. "ಟೈಪ್ ಅಲ್ಲ ಟೀಚರ್, ಹೊಡೆದಾಟ. ಆದರೆ ನೀವು ಹೇಳಿದ್ದು ಸರಿ, ನಾಲ್ಕನೆಯದೇ ತಪ್ಪುವುದು. ಬಂದು ನೋಡಿ ಮಾರಾಯ್ರೆ."

ಹೋಗಿ ನೋಡಿದೆ. ಟೀವಿಯ ಪರದೆಯಲ್ಲಿ ಇಬ್ಬರು ಎದುರುಬದುರು ನಿಂತಿದ್ದರು. ಪಕ್ಕದವರ ತೊಡೆಯ ಮೇಲೆ ಒಂದು ಪೆಟ್ಟಿಗೆ. ಎಡಗೈಗೆ ಒಂದು ಕೋಲು, ಬಲಗೈಗೆ ಎಂಟು ದುಂಡು ಗುಂಡಿಗಳು. ಗಲ್ಫಿನಲ್ಲಿ ಕೋಣೆಯವರ ಜೊತೆ ಕಲಿತ ವಿಡಿಯೋ ಗೇಮಂತೆ. ಮಕ್ಕಳಾಟ ಎಂದುಕೊಂಡೆ. ಅವರು ಒಂದು ನೋಟ್ ಪುಸ್ತಕ ತೆರೆದು ತೋರಿಸಿದ ಮೇಲೆ ಹಾಗೆ ಅನ್ನಲು ಬಾಯಿ ಬರಲಿಲ್ಲ. ಪ್ರತಿಯೊಂದು ಗುದ್ದು, ಪ್ರತಿಯೊಂದು ಒದೆ, ಎದುರಿಗೆ ಅಂಕಿ. ಗೆರೆ ಎಳೆದು, ಅಂದವಾಗಿ.

"ಇದು ಫ್ರೇಮ್ ಟೀಚರ್."

"ಫ್ರೇಮ್? ಗೋಡೆಗೆ ಹಾಕುವುದಾ?"

"ಅಯ್ಯೋ, ಅದಲ್ಲ! ಒಂದು ಸೆಕೆಂಡನ್ನು ಅರವತ್ತು ತುಂಡು ಮಾಡಿದರೆ ಒಂದು ತುಂಡು. ಈಗ ಅವನು ಒದ್ದದ್ದನ್ನು ನಾನು ತಡೆದೆ ಅಂತ ಇಟ್ಟುಕೊಳ್ಳಿ. ಅವನು ಹನ್ನೆರಡು ತುಂಡು ಸುಮ್ಮನೆ ನಿಲ್ಲಬೇಕು, ಏನೂ ಮಾಡ್ಲಿಕ್ಕಾಗುವುದಿಲ್ಲ. ನನ್ನ ಗುದ್ದು ಹತ್ತರಲ್ಲಿ ತಲುಪುತ್ತದೆ. ಅವನು ರಾಜನಾದರೂ ತಿನ್ನಲೇಬೇಕು."

ಗುದ್ದು ತಾಗಿದ ಮೇಲೆ ಅದರ ಹಿಂದೆಯೇ ಇನ್ನೂ ನಾಲ್ಕು ಪೆಟ್ಟು ಪೋಣಿಸಬೇಕು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಸಿಗುವ ಸಮಯ ಎರಡೇ ತುಂಡು. ಅವರು ಆ ಜೋಡಣೆಯನ್ನು ಮಾತ್ರ ಪ್ರತ್ಯೇಕ ತೆಗೆದು, ಗೊಂಬೆಯಂತೆ ನಿಂತ ಎದುರಾಳಿಯ ಮೇಲೆ ದಿನಕ್ಕೆ ನೂರು ಸಲ ಮಾಡುತ್ತಿದ್ದರು. ಆದರೂ ನಿಜವಾದ ಪಂದ್ಯದಲ್ಲಿ ಕೈ ತಪ್ಪುತ್ತಿತ್ತು.

ಕಾರಣ ನನಗೆ ಕಂಡಿತು. ಎರಡೇ ಬೆರಳು ಗುಂಡಿಯಿಂದ ಗುಂಡಿಗೆ ಓಡುತ್ತಿದ್ದವು. ನಲವತ್ತು ವರ್ಷ ಕೈಗಳನ್ನೇ ನೋಡಿದವಳು ನಾನು. "ಉಂಗುರಬೆರಳು ಏನು ಮಾಡ್ತದೆ? ಕಿರುಬೆರಳಿಗೆ ರಜೆಯಾ? ಕಿರುಬೆರಳಿಗೂ ಕೆಲಸ ಕೊಡಿ" ಎಂದು ಪ್ರತಿ ಗುಂಡಿಗೂ ಒಂದು ಬೆರಳು ಗೊತ್ತು ಮಾಡಿದೆ. ಇನ್ನೊಂದು ನಿಯಮ ಮೂಡಬಿದಿರೆಯಲ್ಲಿ ನನಗೆ ಟೈಪಿಂಗ್ ಕಲಿಸಿದವರದು: ಒಂದು ಅಕ್ಷರ ತಪ್ಪಿದರೆ ಹಾಳೆ ತೆಗೆದು ಹೊಸದು ಹಾಕಿ ಮೊದಲ ಸಾಲಿನಿಂದ. ಅದನ್ನೂ ಹೇರಿದೆ. ಐದೂ ಪೆಟ್ಟು ತಪ್ಪಿಲ್ಲದೆ ಹತ್ತು ಸಲ ಬರಬೇಕು. ಒಂಬತ್ತನೆಯದರಲ್ಲಿ ತಪ್ಪಿದರೆ ಪುನಃ ಒಂದರಿಂದ.

"ತಪ್ಪಿದ ಜಾಗವನ್ನೇ ತಿದ್ದಬೇಕು ಟೀಚರ್, ಈ ಆಟದವರೆಲ್ಲ ಕಲಿಯುವುದು ಹಾಗೆ" ಎಂದು ಅವರು ವಾದಿಸಿದರು.

"ಪಂದ್ಯದಲ್ಲಿ ತಪ್ಪಿದ ಜಾಗದಿಂದ ಶುರು ಮಾಡ್ಲಿಕ್ಕೆ ಬಿಡ್ತಾರಾ?"

ಆ ಮಾತಿಗೆ ಸೋತರು. ಎರಡು ತಿಂಗಳಲ್ಲಿ ಫಲ ಸಿಕ್ಕಿತು. ಅದೇ ದೊಡ್ಡ ಕೇಡಾಯಿತು. ಮೊದಲೆಲ್ಲ ತಮ್ಮನ್ನು ಸೋಲಿಸುತ್ತಿದ್ದ ಗಲ್ಫಿನ ಗೆಳೆಯರನ್ನು ಅವರು ಇಲ್ಲಿಂದಲೇ ಇಂಟರ್‌ನೆಟ್ಟಿನಲ್ಲಿ ಸಾಲಾಗಿ ಸೋಲಿಸಿದರು. ಮರುದಿನ ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಹಲ್ವಾ ಬಂತು. ಅಂದಿನಿಂದ ಬೆರಳಿನ ವಿಷಯದಲ್ಲಿ ನನ್ನ ಮಾತೇ ಕೊನೆ ಎಂದು ಅವರೂ ನಂಬಿದರು, ನಾನೂ ನಂಬಿದೆ.

ಆ ಮಳೆಗಾಲದಲ್ಲಿ, ರಿಪೇರಿಯಾದ ಫೋನೊಂದನ್ನು ಕೊಡಲು ಹೋಗಿ ಮುಂಡಾಜೆಯ ಹತ್ತಿರ ಸ್ಕೂಟರಿನಿಂದ ಬಿದ್ದರು. ಬಲ ಮೊಣಕೈ ಕಲ್ಲಿಗೆ ಬಡಿಯಿತು. ಮೂಳೆ ಮುರಿಯಲಿಲ್ಲ. ಮೂರು ವಾರ ಕಳೆದ ಮೇಲೆ ಕಿರುಬೆರಳು, ಉಂಗುರಬೆರಳು ಮರಗಟ್ಟತೊಡಗಿದವು. ಮಂಗಳೂರಿನ ಡಾಕ್ಟರನ್ನು ಕಂಡು ಬಂದ ದಿನ ಸಂಜೆ, ನಾನು ಹಾಜರಿ ಪುಸ್ತಕ ಮುಚ್ಚುತ್ತಿದ್ದಾಗ, ಬಾಗಿಲಲ್ಲಿ ನಿಂತರು.

"ಟೀಚರ್, ಒಂದು ಮಾತು ಕೇಳ್ಲಿಕ್ಕುಂಟು. ಮೊಣಕೈಯಲ್ಲಿ ನರ ಒತ್ತಿದೆಯಂತೆ. ಪಟ್ಟಿ ಕಟ್ಟಿ ಆರು ವಾರ ಕೈ ಮಡಚಬಾರದು ಅಂತಾರೆ. ಆಟ ಬಿಡಿ, ಬೆಸುಗೆಯೂ ಬೇಡವಂತೆ. ಅಂಗಡಿ ಮುಚ್ಚಿ ಕೂತುಕೊಳ್ತೇನೆ, ಅದಾಗ್ತದೆ. ಆದರೆ ಆರು ವಾರ ಬಿಟ್ಟರೆ ಈ ಬೆರಳು ಮತ್ತೆ ಬರ್ತದಾ? ನೀವು ಎಷ್ಟು ಕೈ ನೋಡಿದವರು! ನೀವು ಹೇಳಿ, ನಿಲ್ಲಿಸುವುದಾ?"

ನಾನು ತಲೆ ಎತ್ತಿ ಪೂರ್ತಿ ನೋಡಲೂ ಇಲ್ಲ. "ಒಂದು ವಾರ ಅಭ್ಯಾಸ ಬಿಟ್ಟ ಕೈ ನನಗೆ ಬಾಗಿಲಲ್ಲಿ ಶಬ್ದ ಕೇಳಿದರೇ ಗೊತ್ತಾಗ್ತದೆ. ಬಿಟ್ಟರೆ ಬೆರಳು ಮರೆಯುತ್ತದೆ. ನಿಧಾನ ಮಾಡಿ, ನಿಲ್ಲಿಸಬೇಡಿ."

ಅವರು ತಲೆಯಾಡಿಸಿದರು. ಆ ಉತ್ತರಕ್ಕೇ ಬಂದಿದ್ದರೋ, ಇನ್ನೊಂದು ಉತ್ತರಕ್ಕೆ ಬಂದಿದ್ದರೋ… ನನಗೆ ಇವತ್ತಿಗೂ ತಿಳಿಯದು. ಟೈಪಿಂಗ್ ಬಿಟ್ಟುಹೋದ ಮಕ್ಕಳ ಕೈಗೂ ನರ ಸಿಕ್ಕಿಕೊಂಡ ಕೈಗೂ ವ್ಯತ್ಯಾಸ ಉಂಟೆಂದು ನನಗೆ ಹೊಳೆಯಲೇ ಇಲ್ಲ. ನನಗೆ ಕೈ ಎಂದರೆ ಒಂದೇ ಜಾತಿ.

ಆಮೇಲಿನ ಐದು ವಾರ ಬರೆಯುವುದು ಕಷ್ಟ. ಗುಂಡಿ ಯಾವ ತುಂಡಿನಲ್ಲಿ ಬಿತ್ತು ಎಂಬುದನ್ನು ಪರದೆಯೇ ತೋರಿಸುತ್ತಿತ್ತು. ಬೇರೆಯವರಿಗಾದರೆ ಕೈ ಸೋಲುವುದು ಲೋಟ ಜಾರಿದಾಗ ಗೊತ್ತಾಗುತ್ತದೆ. ಅವರಿಗೆ ದಿನವೂ ಅಂಕಿಯಲ್ಲಿ ಕಾಣುತ್ತಿತ್ತು. ಮೊದಲು ಒಂದು ತುಂಡು ತಡ. ಮರುವಾರ ಮೂರು. ಅವರು ಬೆಳಿಗ್ಗೆಯೂ ಅಭ್ಯಾಸ ಶುರು ಮಾಡಿದರು, ಸಂಜೆಯೂ ಮಾಡಿದರು. ಉಂಗುರಬೆರಳನ್ನು ಟೇಪಿನಿಂದ ನಡುಬೆರಳಿಗೆ ಕಟ್ಟಿ ಮಾಡಿದರು. ಬಿಸಿನೀರಿನಲ್ಲಿ ಕೈ ಅದ್ದಿ ಬಂದು ಮಾಡಿದರು. ಬೆಸುಗೆ ಹಾಕುವಾಗ ಕೈ ನಡುಗಿ ಗಿರಾಕಿಗಳ ಫೋನು ಹಾಳಾಗತೊಡಗಿತು. ಶಬ್ದ ತಪ್ಪಿದಾಗಲೆಲ್ಲ ನಾನು ಹಲಗೆಯ ಈಚೆಯಿಂದ "ಮೊದಲಿನಿಂದ" ಎನ್ನುತ್ತಿದ್ದೆ. ಒಂದು ದಿನ ಆಚೆ ಟಕಟಕ ಮತ್ತೆ ಶುರುವಾಗಲಿಲ್ಲ. ಹೋಗಿ ನೋಡಿದರೆ ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಯಾರದೋ ಕೈಯನ್ನು ನೋಡುವಂತೆ ನೋಡುತ್ತಿದ್ದರು.

"ಇದು ನನ್ನ ಮಾತು ಕೇಳ್ತಾ ಇಲ್ಲ ಟೀಚರ್."

"ಕೇಳ್ತದೆ. ಇನ್ನೊಂದು ಸಲ."

ಮೂಡಬಿದಿರೆಯ ಒಂದು ಸಭಾಂಗಣದಲ್ಲಿ ಈ ಆಟದ ಸ್ಪರ್ಧೆ ಇತ್ತು. ಭಾನುವಾರ. ಅಲ್ಲಿ ಆ ಐದು ಪೆಟ್ಟು ಬಂದರೆ ಕೈ ವಾಪಸು ಬಂತೆಂದೇ ಅರ್ಥ ಎಂದು ಅವರು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದರು. ನಾನೂ ಜೊತೆಗೆ ಹೋದೆ. ಮೊದಲ ಪಂದ್ಯವನ್ನು ಬರೀ ಜ್ಞಾನದಿಂದ ಗೆದ್ದರು. ಎದುರಾಳಿ ಯಾವುದನ್ನು ಒತ್ತಿದರೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ಅವರಿಗೆ ಬಾಯಿಪಾಠ. ತಡೆದು ತಡೆದು, ಒಂದೊಂದೇ ಗುದ್ದು ಕೊಟ್ಟು ಮುಗಿಸಿದರು. "ಅಜ್ಜನ ಹಾಗೆ ಆಡ್ತಾರೆ, ಆದರೆ ತಲೆ ಉಂಟು" ಎಂದು ಹಿಂದೆ ಯಾರೋ ಅಂದರು.

ಎರಡನೆಯ ಪಂದ್ಯದ ಕೊನೆಯ ಸುತ್ತು. ಒಂದೊಂದೇ ಗುದ್ದು ಸಾಲದು, ಐದೂ ಬೇಕು. ಎದುರಾಳಿ ಒದ್ದ. ಇವರು ತಡೆದರು. ಹನ್ನೆರಡು ತುಂಡು. ಅಂಗಡಿಯಲ್ಲಿ ಸಾವಿರಾರು ಸಲ ಮಾಡಿದ ಅದೇ ಘಳಿಗೆ. ಒಂದು ತಾಗಿತು, ಎರಡು ತಾಗಿತು, ಮೂರು ತಾಗಿತು. ನಾಲ್ಕನೆಯದು ಉಂಗುರಬೆರಳಿನದು, ನಾನು ಗೊತ್ತು ಮಾಡಿದ ಬೆರಳು. ಪರದೆಯಲ್ಲಿ ಅವರ ಆಳು ಸುಮ್ಮನೆ ನಿಂತ.

"ಒತ್ತಿದೆ ಟೀಚರ್. ನಾನು ಒತ್ತಿದ್ದೇನೆ. ಆಣೆ, ನಾನು ಒತ್ತಿದ್ದೇನೆ."

ಬಸ್ಸಿನಲ್ಲಿ ಬಂಟ್ವಾಳದ ತನಕ ಅದನ್ನೇ ಹೇಳಿದರು. ಬೆರಳು ಗುಂಡಿಯ ಮೇಲೆಯೇ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದು ಅಲುಗಿರಲಿಲ್ಲ.

ಮರುವಾರ ಡಾಕ್ಟರು "ಇಷ್ಟು ದಿನ ಏನು ಮಾಡ್ತಾ ಇದ್ರಿ?" ಎಂದು ಕೇಳಿದರಂತೆ. ಪಕ್ಕದವರು ಅಭ್ಯಾಸದ ಮಾತು ಹೇಳಿದರು, ನನ್ನ ಮಾತು ಹೇಳಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಆ ಎರಡು ಬೆರಳು ಒಳಕ್ಕೆ ಬಾಗಿದ್ದು ಬಾಗಿಯೇ ಉಳಿದವು. ಅಂಗಡಿ ಮುಚ್ಚಿತು. ಸಾಮಾನು ಸಾಗಿಸಿದ ದಿನ ನಾನು ಪರೀಕ್ಷೆಯ ನೆಪ ಹೇಳಿ ಗೋಡೆಯ ಈಚೆಯೇ ಕೂತಿದ್ದೆ.

ಒಮ್ಮೆ ಮಾತ್ರ ಸಿಕ್ಕಿದರು, ವಾಮದಪದವಿನ ಬಸ್ ನಿಲ್ದಾಣದಲ್ಲಿ. ಬಲಗೈ ಜೇಬಿನೊಳಗೆ. ನನ್ನ ಪರಿಚಯದವರ ಮದುವೆ ಊಟ ಅಲ್ಲೇ ಹತ್ತಿರವಿತ್ತು, ಬನ್ನಿ ಎಂದೆ.

"ಬೇಡ ಟೀಚರ್, ನಾನು ಊಟಕ್ಕೆಲ್ಲ ಹೋಗುವುದಿಲ್ಲ. ಬೆರಳು ಕೂಡಿಸ್ಲಿಕ್ಕಾಗುವುದಿಲ್ಲ, ಅನ್ನ ಸಂದಿಯಿಂದ ಉದುರ್ತದೆ. ಎಡಗೈಯಲ್ಲಿ ಜನರ ಎದುರು ಹೇಗೆ ಉಣ್ಣುವುದು?" ನಕ್ಕೇ ಹೇಳಿದರು. ಬಸ್ಸು ಬಂತು. ಹತ್ತುವ ಮೊದಲು ತಿರುಗಿ ಕೇಳಿದರು: "ನೀವು ನಿಮ್ಮ ಜೀವಮಾನದಲ್ಲಿ ಯಾರಿಗಾದರೂ ‘ನಿಲ್ಲಿಸಿ’ ಅಂತ ಹೇಳಿದ್ದುಂಟಾ ಟೀಚರ್?"

ಇಲ್ಲ. ಒಬ್ಬರಿಗೂ ಇಲ್ಲ. ಅದನ್ನು ಹೇಳುವ ಮೊದಲೇ ಬಸ್ಸು ಹೋಯಿತು.

ಈ ದಿನ ಒಂದೂವರೆಗೆ, ಬಡಗಿ ಊಟಕ್ಕೆ ಹೋದಾಗ, ಅವರ ಮನೆಗೆ ಫೋನ್ ಮಾಡಿದೆ. ಶುಕ್ರವಾರ ಆ ಹೊತ್ತಿಗೆ ಅವರು ಮನೆಯಲ್ಲಿರುವುದಿಲ್ಲ ಎಂದು ಗೊತ್ತಿದ್ದೇ ಮಾಡಿದೆನೋ ಏನೋ… ಹೆಂಡತಿ ಎತ್ತಿಕೊಂಡರು.

"ಅವರು ಜುಮಾ ನಮಾಜಿಗೆ ಹೋಗಿದ್ದಾರೆ ಟೀಚರ್. ಎಂತ ಹೇಳಬೇಕು?"

"ಆ ದಿನ ನಾನು ನಿಲ್ಲಿಸಿ ಅಂತ ಹೇಳಬೇಕಿತ್ತು. ತಪ್ಪು ನನ್ನದು. ಅಷ್ಟು ಹೇಳಿ."

"ಅವರು ನಿಮ್ಮನ್ನು ಬಯ್ದದ್ದೇ ಇಲ್ಲ ಟೀಚರ್" ಎಂದರು. ಆಮೇಲೆ ಮೆತ್ತಗೆ, "ನಿಮ್ಮ ಸುದ್ದಿಯನ್ನೇ ತೆಗೆಯುವುದಿಲ್ಲ. ನಾನು ಇದನ್ನು ಹೇಳಬೇಕಾ?"

"ನೀವು ನೋಡಿ" ಎಂದು ಫೋನ್ ಇಟ್ಟೆ.

ಮೂರು ಗಂಟೆಗೆ ಯಂತ್ರಗಳು ಕೆಳಗಿಳಿದವು. ನಾಲ್ಕಕ್ಕೆ ಬೆಂಚುಗಳು. ಐದಕ್ಕೆ ಎರಡೂ ಕೋಣೆ ಸೇರಿ ಒಂದಾಗಿದ್ದ ನೆಲವನ್ನು ಈ ತುದಿಯಿಂದ ಆ ತುದಿಗೆ ನಾನೇ ಗುಡಿಸಿ, ಕಸ ತುಂಬಿ, ಚೀಲದ ಬಾಯಿ ಕಟ್ಟಿದೆ.