ಅಣ್ಣ ಕಂಡ ಯುರೋಪು

ವಿದೇಶಕ್ಕೆ ಹೋಗಿ ಬಂದು ಪುಸ್ತಕ ಬರೆಯದೆ ಸುಮ್ಮನೆ ಕೂತವರು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳಲು ನಾನು ತಯಾರಿದ್ದೇನೆ. ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ನನ್ನ ಕೊರಳಿಗೆ ಬಿದ್ದ ಕೆಲಸವೆಂದರೆ ಇಂಥವರ ಹಸ್ತಪ್ರತಿ ತಿದ್ದುವುದು. ಬಾಗಲಕೋಟೆಯ ಡಾಕ್ಟರು, ಕಮತಗಿಯ ಕಾಳಿನ ವ್ಯಾಪಾರಿ, ಒಬ್ಬ ನಿವೃತ್ತ ಇಂಜಿನಿಯರು, ಯಾರೇ ಹತ್ತು ದಿನದ ಟೂರಿಗೆ ಹೋಗಿ ಬರಲಿ, ತಿಂಗಳು ತುಂಬುವುದರೊಳಗೆ ಕೈಚೀಲದಲ್ಲಿ ಹಾಳೆ ತುಂಬಿಕೊಂಡು ನನ್ನ ಮನೆಯ ಕಟ್ಟೆ ಹತ್ತುತ್ತಾರೆ. ‘ಒಂದೀಟು ಕಣ್ಣಾಡಿಸ್ರಿ ಸರ, ಅಕ್ಷರ ತಪ್ಪು ಅಷ್ಟ’ ಅನ್ನುತ್ತಾರೆ. ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿದೆ ಎಂಬ ನಂಬಿಕೆ ಅವರಿಗೆ.

ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ. ಮೊದಲ ಅಧ್ಯಾಯ ಪಾಸ್‌ಪೋರ್ಟು. ಎರಡನೆಯದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಕಟ್ಟಿಕೊಂಡ ವರ್ಣನೆ. ಮೂರನೆಯದರಲ್ಲಿ ವಿಮಾನ ಏರುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಒಂದು ಗೋಪುರ, ಒಂದು ಚರ್ಚು, ಒಂದು ಹಿಮದ ಬೆಟ್ಟ, ರಾತ್ರಿ ಊಟಕ್ಕೆ ಪಂಜಾಬಿಯವನ ಹೋಟೆಲು. ಕಡೆಗೆ ‘ಅಲ್ಲಿನ ಶಿಸ್ತು ನಮಗೆ ಯಾವಾಗ ಬಂದೀತು’ ಎಂಬ ನಿಟ್ಟುಸಿರು. ಈ ನಿಟ್ಟುಸಿರು ಬರೆದ ಮಹಾನುಭಾವರೊಬ್ಬರು ನನ್ನ ಪಕ್ಕದ ಸೀಟಿನಲ್ಲೇ ಕೂತು ಬಸ್ಸಿನ ಕಿಟಕಿಯಿಂದ ಎಲೆ-ಅಡಿಕೆ ಉಗುಳಿದ್ದನ್ನು ನಾನು ಕಂಡಿದ್ದೇನೆ. ಇನ್ನೊಬ್ಬರು ರೋಮಿನ ಹಾಳುಗೋಡೆಗಳ ಮೇಲೆ ಹನ್ನೆರಡು ಪುಟ ಬರೆದಿದ್ದರು. ಬಾದಾಮಿಯ ಗವಿಗಳನ್ನು ಯಾವಾಗ ನೋಡಿದ್ದೀರಿ ಎಂದು ಕೇಳಿದೆ. ‘ಸಾಲಿ ಟ್ರಿಪ್ಪಿನಾಗ ಹೋಗಿದ್ವಿ, ಮ್ಯಾಲ ಹತ್ತಲಿಲ್ಲ, ಕೆಳಗ ಕೆರಿ ಕಡೆ ಕುಂತು ಬುತ್ತಿ ಉಂಡು ಬಂದ್ವಿ’ ಅಂದರು. ಬಾದಾಮಿಗೆ ಅವರ ಮನೆಯಿಂದ ಒಂದು ಗಂಟೆಯ ದಾರಿ.

ಇವರಲ್ಲಿ ಯಾರೂ ಆ ದೇಶದ ಒಬ್ಬ ಮನುಷ್ಯನ ಜೊತೆಗೂ ನಾಲ್ಕು ಮಾತು ಆಡಿದವರಲ್ಲ, ಶೌಚಾಲಯ ಎಲ್ಲಿದೆ ಎಂದು ಕೈಸನ್ನೆ ಮಾಡಿದ್ದನ್ನು ಬಿಟ್ಟರೆ. ಆದರೂ ‘ಫ್ರೆಂಚರು ರಸಿಕರು, ಜರ್ಮನರು ಶ್ರಮಜೀವಿಗಳು’ ಎಂದು ತೀರ್ಪು ಬರೆದುಕೊಡುತ್ತಾರೆ. ನಾನು ಒಳಗೊಳಗೇ ಹಲ್ಲು ಕಡಿಯುತ್ತ ತಿದ್ದಿ ಕೊಡುತ್ತೇನೆ. ನಾನು ಇಂಡಿಯಾದ ಗಡಿ ದಾಟಿದವನಲ್ಲ. ದಾಟದೆಯೂ ಇವರಿಗಿಂತ ಹೆಚ್ಚು ಬಲ್ಲೆ ಎಂಬ ಜಂಬ ನನಗೆ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಕಡೆಗೊಂದು ದಿನ ನನ್ನ ಸ್ವಂತ ಅಣ್ಣನೇ ಬಂದ. ಇಳಕಲ್ಲಿನಲ್ಲಿ ಅವನದು ಸೀರೆ ಅಂಗಡಿ. ಹುಬ್ಬಳ್ಳಿಯ ಟೂರಿನವರ ಜೊತೆ ವೈನಿಯನ್ನೂ, ಅಂದರೆ ಅವನ ಹೆಂಡತಿಯನ್ನೂ, ಕರೆದುಕೊಂಡು ಯುರೋಪು ಸುತ್ತಿ ಬಂದು ಎರಡು ತಿಂಗಳಾಗಿತ್ತು. ಅಂಗಡಿಯ ಚೀಲದಿಂದ ಹಾಳೆಗಳ ಕಟ್ಟು ತೆಗೆದು ನನ್ನ ಮುಂದಿಟ್ಟ. ಮೇಲೆ ದಪ್ಪಕ್ಷರದಲ್ಲಿ ‘ನಾ ಕಂಡ ಯುರೋಪು’ ಎಂದಿತ್ತು.

‘ಲೇ ತಮ್ಮಾ, ಬರೋ ತಿಂಗಳ ನನಗ ಎಪ್ಪತ್ತು ತುಂಬತಾವ. ಬಂದ ಮಂದಿಗೆ ತಾಟು ಬಟ್ಟಲಾ ಕೊಡೋ ಬದಲಿ ಪುಸ್ತಕಾ ಕೊಡಬೇಕಂತ ಮಾಡೇನಿ,’ ಅಂದ. ಹಾಳೆಗಳ ಅಂಚು ಸರಿಮಾಡುತ್ತ, ‘ಇದರಾಗ ಜೀವಾ ಇಲ್ಲ ಅಂತ ನನಗೂ ಅನಸ್ತೈತಿ. ನೀ ಹೆಂಗರೆ ಮಾಡಿ ಓದೂಹಂಗ ಮಾಡಿ ಕೊಡು,’ ಎಂದು ಸೇರಿಸಿದ.

ಜೀವ ಇಲ್ಲ ಎಂದು ಗೊತ್ತಾದ ಮೊದಲ ಲೇಖಕ ಅವನು. ಅಷ್ಟರ ಮಟ್ಟಿಗೆ ಮೆಚ್ಚಿದೆ. ಓದಿದ ಮೇಲೆ ಆ ಮೆಚ್ಚುಗೆಯೂ ಹೋಯಿತು. ಗೋಪುರದ ಎತ್ತರ, ಸೇತುವೆಯ ಉದ್ದ, ಯಾವ ರಾಜ ಯಾವಾಗ ಕಟ್ಟಿಸಿದ ಎಂದು ಗೈಡು ಮೈಕಿನಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದಿದ್ದ. ‘ಅಲ್ಲಿ ಯಾರೂ ರಸ್ತೆಯಲ್ಲಿ ಕಸ ಚೆಲ್ಲುವುದಿಲ್ಲ’ ಎಂಬ ವಾಕ್ಯ ಐದು ಊರುಗಳಲ್ಲಿ ಐದು ಸಲ ಬಂದಿತ್ತು.

ಕೇಳಬೇಕಾದ್ದು ಬಹಳ ಇತ್ತೆಂದು ಮರುವಾರ ಇಳಕಲ್ಲಿಗೆ ಹೋದೆ. ಅಣ್ಣ ಅಂಗಡಿಯಲ್ಲಿದ್ದ. ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾನು ಬಂದ ಕಾರಣ ಹೇಳಿದೆ. ಅವರು ಕೈ ತೊಳೆದು ಒಳಗೆ ಹೋಗಿ ಒಂದು ನೋಟಬುಕ್ಕು ತಂದರು. ಸಾಲಿಯ ಮಕ್ಕಳು ಬರೆಯುವಂಥ ಗೆರೆಯ ನೋಟಬುಕ್ಕು.

‘ಮಾಸ್ತರ, ಇದನ್ನೂ ಒಂದೀಟು ನೋಡಿ ಕೊಡ್ರಿ. ಗುಡಿಯಾಗ ಸೋಮವಾರಕ್ಕೊಮ್ಮೆ ನಾವು ಹೆಣ್ಣಮಕ್ಕಳು ಕೂಡತೇವಲ್ಲ, ಅಲ್ಲಿ ಯುರೋಪಿನ ಬಗ್ಗೆ ಹೇಳ್ರಿ ಅಂತ ಗಂಟ ಬಿದ್ದಾರ. ನನಗ ನಿಂತು ಮಾತಾಡಾಕ ಬರೂದುಲ್ಲ. ಬರಕೊಂಡು ಓದತೇನಿ ಅಂದೇನಿ,’ ಅಂದರು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವರು. ಆ ಮನೆಗೆ ಬಂದು ನಲವತ್ತೈದು ವರ್ಷವಾದರೂ ನಾಲ್ಕು ಜನರ ಎದುರಿಗೆ ಅವರು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ‘ಮಂದಿ ನಗಬಾರದು ನೋಡ್ರಿ, ಅಷ್ಟ ನನ್ನ ಆಶಾ,’ ಎಂದೂ ಹೇಳಿದರು.

ಹುನಗುಂದಕ್ಕೆ ಮರಳುವಾಗ ಬಸ್ಸಿನಲ್ಲೇ ಬಿಚ್ಚಿ ಓದಲು ಶುರು ಮಾಡಿದೆ. ತಲೆ ಎತ್ತಿದಾಗ ನನ್ನ ಸ್ಟಾಪು ದಾಟಿ ಹೋಗಿತ್ತು.

ಅಣ್ಣನ ಲಿಂಗಪೂಜೆಯ ಬಗ್ಗೆ ಒಂದು ಮಾತು ಹೇಳಬೇಕು. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತನೆಂದರೆ ಒಂದೂವರೆ ಗಂಟೆ ಏಳುವವನಲ್ಲ, ಲಿಂಗದ ಮೇಲಿನ ದೃಷ್ಟಿ ತೆಗೆಯುವವನಲ್ಲ. ಒಣಗಿದ ಬಿಲ್ವಪತ್ರಿಯ ಡಬ್ಬಿಯನ್ನು ಯುರೋಪಿಗೂ ಒಯ್ದಿದ್ದ. ವೈನಿಯ ಪೂಜೆ ಹತ್ತು ನಿಮಿಷದ್ದು. ಹೋಟೆಲಿನ ಒಂದೇ ಕೋಣೆಯಲ್ಲಿ ಅವನ ಏಕಾಂತಕ್ಕೆ ಅಡ್ಡಿಯಾಗಬಾರದೆಂದು ಅವರು ಬಾಗಿಲು ಎಳೆದುಕೊಂಡು ಹೊರಗೆ ಬರುತ್ತಿದ್ದರು. ಹೀಗೆ ಪ್ರತಿ ಊರಿನಲ್ಲೂ ದಿನಾ ಬೆಳಗ್ಗೆ ಒಂದು ಗಂಟೆಯ ಮೇಲೆ ವೈನಿ ಒಬ್ಬರೇ, ಒಂದಕ್ಷರ ಭಾಷೆ ಬರದೆ, ಇಳಕಲ್ ಸೀರೆ ಉಟ್ಟುಕೊಂಡು ಬೀದಿ ಬೀದಿ ತಿರುಗಿದ್ದರು. ನೋಟಬುಕ್ಕಿನಲ್ಲಿ ಇದ್ದದ್ದು ಆ ಒಂದೊಂದು ಗಂಟೆ.

ಪ್ಯಾರಿಸ್ಸಿನ ಬಗ್ಗೆ ಅವರು ಬರೆದದ್ದು ಹೀಗಿತ್ತು: ‘ಇಲ್ಲಿ ರಸ್ತೆ ತಾನೇ ಸ್ವಚ್ಛ ಇರುವುದಿಲ್ಲ. ನಮ್ಮ ಟೂರಿನ ಮಂದಿ ಎದ್ದು ಬರುವುದರೊಳಗೆ ಇಲ್ಲಿಯವರು ಕಸ ಬಳಿದಿರುತ್ತಾರೆ. ಹಸಿರು ಅಂಗಿಯ ಮನುಷ್ಯ ಬಳಿಯುತ್ತಿದ್ದ. ಸಿಗರೇಟಿನ ತುಂಡು, ಕಾಗದ, ಒಂದು ಕಾಲಿನ ಬೂಟು. ನಾನು ನಿಂತು ನೋಡಿದೆ. ಅವನು ನಕ್ಕ. ನಾನು ಸೆರಗು ಸಿಕ್ಕಿಸಿಕೊಂಡು ಅವನ ಕೈಯಿಂದ ಕಸಬರಿಗೆ ಇಸಕೊಂಡು ನಾಲ್ಕು ಹೆಜ್ಜೆ ಬಳಿದು ತೋರಿಸಿದೆ. ಕಸಬರಿಗೆ ಉದ್ದ ಇದ್ದದ್ದರಿಂದ ಬಗ್ಗುವುದು ಬೇಕಾಗಲಿಲ್ಲ. ಇಂಥದ್ದು ನಮ್ಮಲ್ಲಿ ಬಂದರೆ ಸೊಂಟ ಉಳಿಯುತ್ತದೆ.’

ಸ್ವಿಟ್ಜರ್‌ಲ್ಯಾಂಡಿನದು ಇನ್ನೂ ಚೆನ್ನಾಗಿತ್ತು. ಹೋಟೆಲಿನ ಎದುರಿಗೆ ಒಬ್ಬ ಮುದುಕಿ ಹಿತ್ತಲಿನ ಹಗ್ಗದಿಂದ ದೊಡ್ಡ ಚಾದರ ತೆಗೆದು ಒಬ್ಬಳೇ ಮಡಚಲು ಒದ್ದಾಡುತ್ತಿದ್ದಳು. ವೈನಿ ರಸ್ತೆ ದಾಟಿ ಹೋಗಿ ಇನ್ನೊಂದು ತುದಿ ಹಿಡಿದರು. ಸೀರೆ ಮಡಚುವಂತೆ ಇಬ್ಬರೂ ಎಳೆದು, ಕೊಡವಿ, ಎದುರುಬದುರು ಬಂದು ತುದಿ ಕೂಡಿಸಿದರು. ಮೂರು ಚಾದರ ಆದವು. ಮುದುಕಿ ಇವರ ಸೆರಗಿನ ಕೆಂಪು ಮುಟ್ಟಿ ನೋಡಿದಳು. ‘ಆಕೆಯ ಕೈಗಳು ಬಹಳ ತಣ್ಣಗಿದ್ದವು. ಮನೆಯೊಳಗೆ ಮತ್ತೊಬ್ಬರ ಸಪ್ಪಳ ಕೇಳಲಿಲ್ಲ’ ಎಂದು ಆ ಪುಟ ಮುಗಿದಿತ್ತು.

ಇಷ್ಟು ವರ್ಷ ಇಂಥದ್ದೊಂದು ಹಾಳೆಗಾಗಿ ನಾನು ಕಾದಿದ್ದೆ. ಈಗ ಬಂದಿತ್ತು. ಅದನ್ನು ಏನು ಮಾಡಿದೆ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ.

ಮಾಡಿದ್ದು ಇಷ್ಟೇ. ವೈನಿಯ ಪುಟಗಳನ್ನು ಅಣ್ಣನ ಪುಸ್ತಕದೊಳಗೆ ಇಳಿಸಿದೆ. ಇಳಕಲ್ಲಿನ ನೇಕಾರ ಸೀರೆಯ ಒಡಲಿಗೆ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವಂತೆ, ಕೂಡಿಸಿದ ಗುರುತು ಕಾಣದ ಹಾಗೆ ಕೂಡಿಸಿದೆ. ‘ಸೆರಗು ಸಿಕ್ಕಿಸಿಕೊಂಡು’ ಎಂದಿದ್ದನ್ನು ‘ಅಂಗಿಯ ತೋಳು ಮಡಚಿಕೊಂಡು’ ಎಂದು ಬದಲಿಸಿದೆ. ಮುದುಕಿ ಮುಟ್ಟಿದ ಸೆರಗು ಅಣ್ಣನ ಹೆಗಲ ಮೇಲಿನ ಶಾಲಾಯಿತು. ಸೊಂಟದ ಮಾತು ತೆಗೆದುಹಾಕಿದೆ. ಗಂಡಸು ಕಸಬರಿಗೆ ಹಿಡಿದು ಸೊಂಟದ ಮಾತಾಡಿದರೆ ಯಾರೂ ನಂಬುವುದಿಲ್ಲ.

ವೈನಿಯನ್ನು ಕೇಳಿದ್ದೆನೇ ಎಂದರೆ, ಕೇಳಿದ್ದೆ. ‘ನಿಮ್ಮವು ಪುಸ್ತಕದಾಗ ಬಂದ್ರ ಭಾಳ ಚೊಲೋ ಆಗ್ತೈತಿ ವೈನಿ,’ ಎಂದು ಫೋನಿನಲ್ಲಿ ಅಂದಿದ್ದೆ. ‘ನೀವು ತಿಳಿದವರು ಮಾಸ್ತರ, ಹೆಂಗ ತಿಳೀತೈತಿ ಹಂಗ ಮಾಡ್ರಿ,’ ಅಂದಿದ್ದರು. ತಮ್ಮ ಹೆಸರಿನಲ್ಲಿ ಬರುತ್ತವೆ ಎಂದು ಅವರು ತಿಳಿದಿದ್ದರೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಫೋನು ಇಟ್ಟೆ. ಹೆಣ್ಣುಮಗಳ ನೋಟಬುಕ್ಕು ಗುಡಿಯ ಮೂವತ್ತು ಮಂದಿಯ ನಡುವೆ ಮುಗಿದು ಹೋಗುತ್ತದೆ, ಪುಸ್ತಕದಲ್ಲಾದರೆ ಉಳಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖರೆ ಮಾತೆಂದರೆ, ಎರಡನೆಯ ಪುಟದಲ್ಲಿ ‘ಪರಿಷ್ಕರಿಸಿದವರು’ ಎಂದು ನನ್ನ ಹೆಸರು ಬರುವುದಿತ್ತು. ಒಂದಾದರೂ ಒಳ್ಳೆಯ ಪುಸ್ತಕದ ಮೇಲೆ ಆ ಹೆಸರು ಇರಲಿ ಎನ್ನುವ ಆಸೆ.

ಅಣ್ಣ ಪ್ರೂಫು ಓದಿ ಮೊದಲ ಸಲ, ‘ಇದನ್ನ ನಾ ಯಾವಾಗ ಬರದೆ?’ ಅಂದ. ಎರಡನೆಯ ಸಲ ಓದಿ, ‘ನೀ ಚೊಲೋ ತಿದ್ದೀಯೋ’ ಅಂದ. ಮೂರನೆಯ ಸಲಕ್ಕೆ ಚಾದರ ಮಡಚಿದ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ಕೈ ಆಡಿಸಿ ಹೇಳತೊಡಗಿದ್ದ. ಪೂಜೆಗೆ ಕೂತವನು ಅದೇ ಹೊತ್ತಿನಲ್ಲಿ ಬೀದಿಯಲ್ಲಿ ಹೇಗಿದ್ದನೆಂದು ಅವನೂ ಯೋಚಿಸಲಿಲ್ಲ, ಕೇಳಿದವರೂ ಯೋಚಿಸಲಿಲ್ಲ.

ಎಪ್ಪತ್ತರ ಸಮಾರಂಭ ಇಳಕಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ಆಯಿತು. ಬಾಗಲಕೋಟೆಯಿಂದ ಬಂದ ಅತಿಥಿಗಳು ಪುಸ್ತಕ ಬಿಡುಗಡೆ ಮಾಡಿ ಆ ಚಾದರದ ಪುಟವನ್ನೇ ಓದಿದರು. ಜೀವನವಿಡೀ ಸೀರೆ ಮಡಚಿದ ಕೈ ಪರದೇಶದ ಮುದುಕಿಯ ಚಾದರ ಮಡಚಿತು, ಇದಕ್ಕಿಂತ ದೊಡ್ಡ ಮನಸ್ಸು ಉಂಟೇ ಎಂದರು. ಚಪ್ಪಾಳೆ ಬಿತ್ತು. ಅಣ್ಣ ಕಣ್ಣೊರೆಸಿಕೊಂಡ. ಮನೆಯಲ್ಲಿ ಒಂದು ಟವೆಲನ್ನೂ ಮಡಚಿ ಇಟ್ಟವನಲ್ಲ. ವೈನಿ ಮುಂದಿನ ಸಾಲಿನಲ್ಲಿ ಆರತಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆ ಪುಟ ಓದುವಾಗ ಒಮ್ಮೆ ತಲೆ ಎತ್ತಿದರು. ಆಮೇಲೆ ದೀಪದ ಬತ್ತಿ ಸರಿಮಾಡುತ್ತ ಕೂತರು. ಬಂದವರೆಲ್ಲ ಊಟ ಮಾಡಿ ಒಂದೊಂದು ಪುಸ್ತಕ ಒಯ್ದರು, ಗುಡಿಯ ಹೆಣ್ಣುಮಕ್ಕಳೂ.

ವೈನಿ ಗುಡಿಯಲ್ಲಿ ಓದುವ ಸೋಮವಾರ ಹತ್ತು ದಿನಕ್ಕೆ ಬಂತು. ಬೇಡ ಎನ್ನುತ್ತಾರೆಂದು ತಿಳಿದಿದ್ದೆ. ಎನ್ನಲಿಲ್ಲ. ಮಾಸ್ತರೂ ಬರಲಿ ಎಂದು ಆ ಹೆಣ್ಣುಮಕ್ಕಳೇ ಹೇಳಿ ಕಳಿಸಿದ್ದರಿಂದ ನಾನೂ ಹೋದೆ. ಎಲ್ಲರೂ ಜಮಖಾನೆಯ ಮೇಲೆ, ನಾನೊಬ್ಬ ಕುರ್ಚಿಯ ಮೇಲೆ. ವೈನಿ ಎದ್ದು ನಿಂತು ಚಾಳೀಸು ಹಾಕಿಕೊಂಡು, ನಾನು ಮರಳಿಸಿದ್ದ ನೋಟಬುಕ್ಕು ತೆರೆದರು. ‘ಇಲ್ಲಿ ರಸ್ತೆ ತಾನೇ ಸ್ವಚ್ಛ ಇರುವುದಿಲ್ಲ’ ಎಂದು ಓದಿದರು. ಮುಂದಿನ ವಾಕ್ಯಕ್ಕೆ ಹೋಗುವುದರೊಳಗೆ ಎದುರಿಗೆ ಕೂತ ಹೆಣ್ಣುಮಗಳೊಬ್ಬಳು ಅದನ್ನು ತಾನೇ ಹೇಳಿಬಿಟ್ಟಳು. ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಸಲಿಗೆಯ ನಗೆ.

‘ಅಕ್ಕಾರ, ಅದು ಯಜಮಾನರ ಪುಸ್ತಕದಾಗಿಂದು. ನಾವೆಲ್ಲಾರೂ ಓದೇವಿ,’ ಅಂದಳು ಆಕೆ. ‘ನೀವು ಕಂಡದ್ದು ಏನರೆ ಓದ್ರಿ.’

ವೈನಿ ಹಾಳೆ ಮಗುಚಿದರು. ಕಸಬರಿಗೆ ದಾಟಿ ಚಾದರಕ್ಕೆ ಬಂದರು. ಅಲ್ಲಿ ಸ್ವಲ್ಪ ನಿಂತರು. ಇನ್ನೊಂದು ಹಾಳೆ, ಮತ್ತೊಂದು, ನಿಧಾನವಾಗಿ ಕಡೆಯ ಹಾಳೆಯವರೆಗೂ ಹೋದರು. ಎಲ್ಲ ಪುಟಗಳನ್ನೂ ನಾನು ಬಳಸಿದ್ದೆ. ನಾನು ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅಣ್ಣನ ಮಾನ ಹೋಗುತ್ತದೆ ಎಂದು ಕೂತೆ ಅಂದುಕೊಂಡೆ. ನಿಜವಾಗಿ ನನ್ನದು ಹೋಗುತ್ತದೆ ಎಂದು ಕೂತೆ. ಇಷ್ಟು ವರ್ಷ ನಾನು ಹಂಗಿಸಿದ ಆ ಡಾಕ್ಟರು, ಇಂಜಿನಿಯರು ಯಾರೂ ಇನ್ನೊಬ್ಬರ ಕಣ್ಣು ಕದ್ದು ಬರೆದವರಲ್ಲ. ಕಾಣದಿದ್ದರೂ ತಮ್ಮದನ್ನೇ ಬರೆದಿದ್ದರು.

ವೈನಿ ನೋಟಬುಕ್ಕು ಮುಚ್ಚಿದರು. ‘ನಂದು ಬ್ಯಾರೆ ಏನೂ ಇಲ್ಲರಿ. ಅಲ್ಲಿ ಥಂಡಿ ಭಾಳ ಇತ್ತು,’ ಎಂದು ಹೇಳಿ ಕೂತರು. ಅವರು ಮಾತಾಡಿದ್ದೇ ಹೆಚ್ಚು ಎಂದು ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು.

ಇಬ್ಬರೂ ಮನೆಗೆ ನಡೆದುಕೊಂಡು ಹೊರಟೆವು. ಓಣಿಯ ತಿರುವಿನಲ್ಲಿ ಅವರು ನನ್ನ ಕಡೆ ತಿರುಗದೆ ಅಂದರು: ‘ಒಂದ ಹಾಳಿಯರೆ ನನಗ ಬಿಡಬೇಕಿತ್ತ್ರಿ ಮಾಸ್ತರ.’

ಅಣ್ಣ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ‘ಹೆಂಗಾತು?’ ಎಂದು ಕೇಳಿದ.

‘ಚೊಲೋ ಆತ್ರಿ,’ ಅಂದರು ವೈನಿ, ಚಪ್ಪಲಿ ಬಿಡುತ್ತ. ‘ಎಲ್ಲಾರೂ ನಿಮ್ಮ ಪುಸ್ತಕಾ ಓದ್ಯಾರ.’