ಗಾರೆಯಿಲ್ಲದ ಗೋಡೆಗಳ ನಡುವೆ

ಕೊರೊನಾದ ಮೊದಲ ವರ್ಷ ನಾನು, ನಾವು ನೆಲೆಸಿರುವ ಪರದೇಶದ ಊರು ಟಾಲಾದ ಆಸ್ಪತ್ರೆಯಲ್ಲಿ ಬೋರಲು ಮಲಗಿದ್ದೆ. ಹಾಗೆ ಮಲಗಿದರೆ ಉಸಿರಾಟ ಸಲೀಸಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೂಗಿಗೆ ಆಕ್ಸಿಜನ್ ನಳಿಗೆ, ಕಣ್ಣೆದುರು ದಿಂಬಿನ ಬಿಳುಪು. ಹೆಂಡತಿಯನ್ನು ಒಳಗೆ ಬಿಡುತ್ತಿರಲಿಲ್ಲ. ಜ್ವರದಲ್ಲಿ ಹಗಲುಗಳು ತೇಲಿಹೋಗುತ್ತಿದ್ದವು.

ನನ್ನನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಜಿಂಬಾಬ್ವೆಯವರು. ಮಾಸ್ಕಿನ ಮೇಲಿನ ಕಣ್ಣುಗಳಷ್ಟೇ ನನಗೆ ಅವರ ಪರಿಚಯ. ಒಂದು ಮಧ್ಯಾಹ್ನ ನಾನು ಗಾಬರಿಯಾಗಿ ಏಳಲು ಹೊರಟಾಗ ಅವರು ಬೆನ್ನ ಮೇಲೆ ಕೈಯಿಟ್ಟು, "ಏಳ್ಬೇಡಿ. ಕಣ್ಣು ಮುಚ್ಕೊಳ್ಳಿ, ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ" ಎಂದರು. ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನೊಳಗೆ ಉಳಿದಿರುವುದು ಕನ್ನಡದಲ್ಲಿ.

ಅವರ ಊರಿನ ಬಳಿ ಗ್ರೇಟ್ ಜಿಂಬಾಬ್ವೆ ಎಂಬ ಹಳೆಯ ರಾಜಧಾನಿಯ ಅವಶೇಷಗಳಿವೆ. ಸರ್ಕಾರ ಜೋಪಾನ ಮಾಡಿರುವ ಆ ಜಾಗಕ್ಕೆ ಅವರ ತಂದೆ ಕಾವಲುಗಾರರಾಗಿದ್ದರು.

"ಗಾರೆ ಇಲ್ದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ. ಅದನ್ನ ಯಾರೂ ಹತ್ತದ ಹಾಗೆ ನೋಡ್ಕೊಳ್ಳೋದು ಅಪ್ಪನ ಕೆಲ್ಸ. ಈಗ ಎರಡು ಗೋಡೆ ಮಧ್ಯೆ ಇದ್ದೀವಿ. ಓಣಿ ಇಕ್ಕಟ್ಟು. ನಿಧಾನ."

ಆ ದನಿಯ ಹಿಂದೆ ನಡೆದೆ. ಕಲ್ಲಿನ ತಂಪು ಭುಜಕ್ಕೆ ತಾಕಿತು. ಓಣಿ ಮುಗಿದಲ್ಲಿ ಬಾಗಿಲೂ ಕಿಟಕಿಯೂ ಇಲ್ಲದ ದುಂಡನೆಯ ಗೋಪುರ, ಪಕ್ಕದಲ್ಲಿ ಮರದ ನೆರಳು. ಆಮೇಲೆ ದಿನವೂ ಹೋಗುತ್ತಿದ್ದೆವು.

ಒಂದು ದಿನ ಅವರು ಬರಲಿಲ್ಲ. ತಂದೆ ತೀರಿಕೊಂಡರಂತೆ, ವಿಮಾನವಿಲ್ಲದೆ ಹೋಗಲಾಗಲಿಲ್ಲವಂತೆ ಎಂದು ಇನ್ನೊಬ್ಬ ನರ್ಸ್ ಹೇಳಿದರು. ಕೆಲಸಕ್ಕೆ ಮರಳಿದ ದಿನ ಅವರು ನನ್ನ ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಅಳೆಯುವ ಯಂತ್ರ ನೋಡಿ, ಚೆನ್ನಾಗಿದೆ ಎನ್ನಲು ಇಲ್ಲಿಯವರು ಹೇಳುವ ಹಾಗೆ "ಗ್ರ್ಯಾಂಡ್" ಎಂದಷ್ಟೇ ಹೇಳಿದರು.

"ಒಂಚೂರು ಕೂತ್ಕೊಳ್ಳಿ. ಇವತ್ತು ನಾನು ಕರ್ಕೊಂಡು ಹೋಗ್ತೀನಿ" ಎಂದೆ.

ಅವರು ಕೂತು ಕಣ್ಣು ಮುಚ್ಚಿದರು. ಏದುಸಿರು ಬಿಡುತ್ತಲೇ ಓಣಿಯುದ್ದಕ್ಕೂ ನಡೆಸಿಕೊಂಡು ಹೋದೆ. "ಗೋಪುರದ ಹತ್ರ ಬಂದ್ವಿ. ನೆರಳಲ್ಲಿ ನಿಮ್ಮಪ್ಪ ನಿಂತಿದ್ದಾರೆ."

"ಅಪ್ಪ ನಿಲ್ಲಲ್ಲ" ಎಂದರು ಕಣ್ಣು ತೆರೆಯದೆ. "ಮಂಡಿನೋವು. ಕೂತಿರ್ತಾರೆ."

"ಹೌದು, ಕೂತಿದ್ದಾರೆ."

ಅವರ ಮಾಸ್ಕಿನ ಅಂಚು ಒದ್ದೆಯಾಯಿತು. ಆಮೇಲೆ ಎದ್ದು, ಕೈಗವಸು ಬದಲಿಸಿ, ಪಕ್ಕದ ಹಾಸಿಗೆಯ ಅಜ್ಜನ ಬಳಿ ಹೋದರು.

ಗುಣವಾಗಿ ನಾನು ಮನೆಗೆ ಹೊರಟ ದಿನ ಅವರಿಗೆ ರಜೆ. ಲುವಾಸ್ ಟ್ರಾಮಿನ ಹಳಿ ದಾಟುವಾಗ ಹೆಂಡತಿ ನನ್ನ ತೋಳು ಹಿಡಿದುಕೊಂಡು, "ಏನ್ ಯೋಚ್ನೆ ಮಾಡ್ತಿದ್ದೀಯ?" ಎಂದಳು.

"ವಿಮಾನ ಶುರುವಾದ್ಮೇಲೆ ಒಂದೂರಿಗೆ ಹೋಗ್ಬೇಕು ಕಣೆ."

ನಾವಿನ್ನೂ ಹೋಗಿಲ್ಲ. ಆದರೆ ಆ ಊರಿನ ದಾರಿ ಈಗ ಅವಳಿಗೂ ಗೊತ್ತು.